ತಾರಸಿಯ ತೋಟ: ಲಾಭವೆಷ್ಟು, ಭಾರವೆಷ್ಟು?

2023ರ ಜುಲೈ ತಿಂಗಳನ್ನು ಬೆಂಗಳೂರಿನ ಗೃಹಸ್ಥರು ಸುಲಭವಾಗಿ ಮರೆಯಲಾರರು. ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿಯ ಗಡಿ ದಾಟಿತ್ತು. ಸಾರಿಗೆ ಹುಣಸೆಹಣ್ಣೇ ಸಾಕೆಂದು ಮನೆಮನೆಯಲ್ಲೂ ತೀರ್ಮಾನವಾಗಿತ್ತು. ಆ ದಿನಗಳಲ್ಲೇ ಒಂದು ಭಾನುವಾರ ನಾನೂ ನನ್ನ ಪತ್ನಿಯೂ ತಾರಸಿಗೆ ಹತ್ತಿ, ನೀರಿನ ತೊಟ್ಟಿ ಮತ್ತು ಸೋಲಾರ್ ಹೀಟರ್ ಬಿಟ್ಟು ಉಳಿದ ಜಾಗವನ್ನು ಟೇಪು ಹಿಡಿದು ಅಳೆದೆವು. ಬಿಸಿಲು ಚೆನ್ನಾಗಿ ಬೀಳುವ ಜಾಗ ಸುಮಾರು 250 ಚದರಡಿ ಸಿಕ್ಕಿತು. ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ನಮ್ಮ ಮನೆಗೆ ಹಿತ್ತಲೂ ಇಲ್ಲ, ಅಂಗಳವೂ ಇಲ್ಲ. ಇನ್ನು ಮುಂದೆ ಟೊಮೆಟೊವನ್ನು ಕೊಳ್ಳುವ ಮಾತೇ ಇಲ್ಲವೆಂದು ಅಂದೇ ನಿರ್ಧರಿಸಿದೆವು.

ಸಸಿ ತಂದು ನೆಟ್ಟೆವು. ಸೆಪ್ಟೆಂಬರ್ ನಡುವಿನಲ್ಲಿ ಮೊದಲ ಹಣ್ಣು ಕೆಂಪಾಯಿತು. ಅಷ್ಟರಲ್ಲಿ ಮಾರುಕಟ್ಟೆಯ ಬೆಲೆ ನೆಲ ಕಚ್ಚಿತ್ತು. ಎರಡು ತಿಂಗಳ ಹಿಂದೆ ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕಾದ ರೈತರೇ ಈಗ ಕೊಯ್ಲಿನ ಕೂಲಿಯೂ ಗಿಟ್ಟದೆಂದು ಹಣ್ಣನ್ನು ಗಿಡದಲ್ಲೇ ಬಿಟ್ಟ ಸುದ್ದಿಗಳು ಬರುತ್ತಿದ್ದವು. ನಮ್ಮ ಮೊದಲ ಬುಟ್ಟಿ ಟೊಮೆಟೊವಿಗೆ ಪೇಟೆಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಬೆಲೆಯೂ ಇರಲಿಲ್ಲ. ಆದರೆ ಅದನ್ನು ತಿಂದಾಗ ಆದ ಸಂತೋಷ ಬೆಲೆಯ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಈ ಎರಡು ಮಾತುಗಳೂ ನಿಜ. ಸಣ್ಣ ಜಾಗದ ತರಕಾರಿ ತೋಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಹೇಳುತ್ತಾರೆ. ನಾನು ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು. ಮೊದಲನೆಯದನ್ನೂ ಬರೆದಿಡುವುದು ನನ್ನ ಅಭ್ಯಾಸ.

ಈ ಬೇಸಾಯ ಪದ್ಧತಿಗೆ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ತರಕಾರಿ ಬೆಳೆಗಾರರು ತುಂಡು ಭೂಮಿಯಲ್ಲಿ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು, ಚಳಿಯಲ್ಲಿ ಗಾಜಿನ ಗಂಟೆಗಳನ್ನು ಮುಚ್ಚಿ, ವರ್ಷಕ್ಕೆ ಹಲವು ಬೆಳೆ ತೆಗೆಯುತ್ತಿದ್ದರು. ಇಂಗ್ಲೆಂಡಿನ ಅಲನ್ ಚಾಡ್‌ವಿಕ್ 1967ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಆವರಣದಲ್ಲಿ ಇದೇ ಬಗೆಯ ತೋಟ ಮಾಡಿ ತೋರಿಸಿದರು. ಜಾನ್ ಜೀವನ್ಸ್ 1974ರಲ್ಲಿ ಈ ಕ್ರಮವನ್ನು ಪುಸ್ತಕವಾಗಿ ಬರೆದರು. ಎರಡಡಿ ಆಳಕ್ಕೆ ಮಣ್ಣು ಸಡಿಲಿಸಿ, ಧಾರಾಳವಾಗಿ ಕಾಂಪೋಸ್ಟ್ ಬೆರೆಸಿ, ಎಲೆಗೆ ಎಲೆ ತಾಗುವಂತೆ ನೆಡುವುದು ಅವರ ವಿಧಾನ. 1981ರಲ್ಲಿ ಮೆಲ್ ಬಾರ್ತಲೊಮ್ಯೂ ಎಂಬ ಅಮೆರಿಕದ ಎಂಜಿನಿಯರ್ ಅದನ್ನು ಇನ್ನಷ್ಟು ಸರಳಗೊಳಿಸಿದರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಮಡಿಯನ್ನು ಹದಿನಾರು ಚೌಕಗಳಾಗಿ ಭಾಗಿಸುವುದು. ಒಂದು ಚೌಕಕ್ಕೆ ಎಲೆಕೋಸಾದರೆ ಒಂದೇ ಗಿಡ, ಮೂಲಂಗಿಯಾದರೆ ಹದಿನಾರು. ನಮ್ಮ ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರು ಸಾವಯವ ತಾರಸಿ ತೋಟವನ್ನು ಅನೇಕ ವರ್ಷ ಕಲಿಸಿ, ಮಧ್ಯಮವರ್ಗದ ಮನೆಗಳಿಗೆ ಮುಟ್ಟಿಸಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಸಣ್ಣ ಜಾಗದಲ್ಲಿ ನಿಲ್ಲಿಸಬಹುದಾದ ಲಂಬ ತೋಟದ ಚೌಕಟ್ಟನ್ನು ರೂಪಿಸಿದೆ. ಆದ್ದರಿಂದ ಇದು ಕೇವಲ ಹುಚ್ಚಾಟವೆಂದು ತಳ್ಳಿಹಾಕುವಂತಿಲ್ಲ.

ಆದರೆ ಆ ಪ್ಯಾರಿಸ್ ತೋಟಗಳ ಕುರಿತು ಮರೆಯಬಾರದ ಇನ್ನೊಂದು ಸಂಗತಿಯಿದೆ. ಅವುಗಳ ಫಲವತ್ತತೆಯ ಗುಟ್ಟು ನಗರದ ಗಾಡಿ ಕುದುರೆಗಳ ಲದ್ದಿ. ಲದ್ದಿ ಗೊಬ್ಬರವೂ ಆಗುತ್ತಿತ್ತು, ಅದರ ಕಾವು ಚಳಿಗಾಲದಲ್ಲಿ ಗಿಡಗಳನ್ನು ಕಾಯುತ್ತಲೂ ಇತ್ತು. ಮೋಟಾರು ಬಂದು ಕುದುರೆ ಮರೆಯಾದಾಗ ಆ ತೋಟಗಳ ಆಧಾರವೇ ಕುಸಿಯಿತು. ಆ ಕುದುರೆಗಳು ತಿಂದ ಹುಲ್ಲು, ಓಟ್ಸ್ ಬೆಳೆದದ್ದು ದೂರದ ಹಳ್ಳಿಗಳ ಹೊಲಗಳಲ್ಲಿ. ಅಂದರೆ ನಗರದ ಸಣ್ಣ ತೋಟದ ಸಮೃದ್ಧಿಯ ಹಿಂದೆ ಬೇರೆಯವರ ದೊಡ್ಡ ಭೂಮಿಯ ಸಾರವಿತ್ತು. ಈ ಮಾತು ನನ್ನ ತಾರಸಿಗೂ ಅನ್ವಯಿಸುತ್ತದೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ನನ್ನ ತಾಯಿ ತೀರ್ಥಹಳ್ಳಿಯ ಕಡೆಯವರು. ಈಗ ಅವರಿಗೆ ಎಂಬತ್ತು ದಾಟಿದೆ. ಊರಿನ ನಮ್ಮ ಮನೆಯಲ್ಲಿ ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ಬಸಳೆ ಚಪ್ಪರ, ಅದರಾಚೆ ಕೆಸು, ಬಾಳೆ, ಹಾಗಲ ಇದ್ದವು. ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ ಬಿಟ್ಟರೆ ಅದಕ್ಕೆ ಬೇರೇನೂ ಹಾಕಿದ್ದಿಲ್ಲ. ನಾನು ಆಟೋದಲ್ಲಿ ಗ್ರೋ ಬ್ಯಾಗು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಬೇವಿನ ಹಿಂಡಿ ಎಲ್ಲವನ್ನೂ ಇಳಿಸಿದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. “ಇಷ್ಟೆಲ್ಲ ದುಡ್ಡು ಹಾಕೂದು ಎಂತಕ್ಕೆ ಮಾರಾಯ? ಬಸಳೆಗೆ ಬಚ್ಚಲ ನೀರು ಸಾಕು,” ಎಂದರು. ತಾರಸಿಯ ಮೇಲೆ ಬಚ್ಚಲು ಎಲ್ಲಿಂದ ತರಲಿ? ನಾನು ನಕ್ಕು ಸುಮ್ಮನಾದೆ.

ಹಿತ್ತಲಿಗೂ ತಾರಸಿಗೂ ಇರುವ ಮುಖ್ಯ ವ್ಯತ್ಯಾಸ ಅಮ್ಮನ ಆ ಒಂದು ಮಾತಿನಲ್ಲೇ ಇತ್ತು. ಹಿತ್ತಲಿಗೆ ಕೆಳಗೆ ನೆಲವಿದೆ. ಬೇರು ತನಗೆ ಬೇಕಾದಷ್ಟು ಇಳಿಯುತ್ತದೆ. ಎರಡು ದಿನ ನೀರು ಮರೆತರೂ ಮಣ್ಣು ತೇವ ಹಿಡಿದಿರುತ್ತದೆ. ತಾರಸಿಯ ಚೀಲದ ಗಿಡಕ್ಕೆ ನಾವೇ ನೆಲ, ನಾವೇ ಮಳೆ. ಏಪ್ರಿಲಿನ ಬಿಸಿಲಲ್ಲಿ ಒಂದು ದಿನ ನೆಂಟರ ಮನೆಗೆ ಹೋಗಿ ರಾತ್ರಿ ತಂಗಿದರೆ ಮರುದಿನ ಬದನೆ ಗಿಡ ಜೋಲು ಬಿದ್ದಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಯಂಗಳಗಳಲ್ಲಿ ಸುಮಾರು ಎರಡು ಕೋಟಿ ‘ವಿಜಯ ತೋಟ’ಗಳು ಇದ್ದವೆಂದೂ ಅವು ದೇಶದ ತರಕಾರಿಯಲ್ಲಿ ಸುಮಾರು ಶೇಕಡ 40ರಷ್ಟನ್ನು ಪೂರೈಸಿದವೆಂದೂ ಅಂದಾಜಿದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಯೂಬಾದ ಹವಾನಾ ನಗರವೂ ತನ್ನ ಖಾಲಿ ನಿವೇಶನಗಳಲ್ಲಿ ತರಕಾರಿ ಬೆಳೆದುಕೊಂಡಿತು. ತಾರಸಿ ತೋಟದ ಉತ್ಸಾಹಿಗಳು ಈ ಉದಾಹರಣೆಗಳನ್ನು ಕೊಡುವುದುಂಟು. ಆದರೆ ಅವೆಲ್ಲ ಬಹುಪಾಲು ನೆಲದ ಮೇಲಿನ ತೋಟಗಳು. ಕಾಂಕ್ರೀಟಿನ ನೆತ್ತಿಯ ಮೇಲಿನವಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 2023ರ ಜುಲೈನಿಂದ 2024ರ ಜೂನ್‌ವರೆಗೆ ಕೊಯ್ದದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟಿದ್ದೇನೆ. ನಲವತ್ತೆಂಟು ಚೀಲಗಳು, ನಾಲ್ಕಡಿ ಚೌಕದ ನಾಲ್ಕು ಮಡಿಗಳು. ಟೊಮೆಟೊ 31 ಕಿಲೋ, ಬದನೆ 22, ಬೆಂಡೆ 9, ಹುರುಳಿಕಾಯಿ 7, ಹೀರೆ ಮತ್ತು ಸೌತೆ ಸೇರಿ 7, ಮೆಣಸಿನಕಾಯಿ 4, ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿ, ಬಸಳೆ ಎಲ್ಲ ಸೇರಿ ಸೊಪ್ಪು 38 ಕಿಲೋ. ಒಟ್ಟು 118 ಕಿಲೋ. ಇದು ಕಡಿಮೆಯಲ್ಲ. ಆದರೆ ದಿನವೊಂದಕ್ಕೆ ಒಬ್ಬರಿಗೆ 400 ಗ್ರಾಂ ತರಕಾರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಹೇಳುತ್ತದೆ. ನಾಲ್ವರ ನಮ್ಮ ಮನೆಗೆ ಆ ಲೆಕ್ಕದಲ್ಲಿ ವರ್ಷಕ್ಕೆ 584 ಕಿಲೋ ಬೇಕು. ನಮ್ಮ ತೋಟ ಕೊಟ್ಟದ್ದು ಅದರ ಐದನೆಯ ಒಂದು ಪಾಲು. ಈರುಳ್ಳಿ, ಆಲೂಗಡ್ಡೆ, ಕುಂಬಳದಂಥ ಜಾಗ ಬೇಡುವ ಬೆಳೆಗಳ ಗೋಜಿಗೇ ನಾವು ಹೋಗಿರಲಿಲ್ಲ.

ಹಣದ ಲೆಕ್ಕ ಇನ್ನೂ ಕಟುವಾದದ್ದು. ಕೊಯ್ದ ದಿನದ ಮಾರುಕಟ್ಟೆ ದರ ಹಿಡಿದರೆ ವರ್ಷದ ಫಸಲಿನ ಬೆಲೆ ಸುಮಾರು 6,100 ರೂಪಾಯಿ. ಕಬ್ಬಿಣದ ಸ್ಟ್ಯಾಂಡು, ಚೀಲ, ಮಡಿ, ನೆರಳು ಪರದೆ, ಗೊಬ್ಬರ, ಬೀಜ, ಬೇವಿನೆಣ್ಣೆ ಎಲ್ಲ ಸೇರಿ ಮೊದಲ ವರ್ಷದ ಖರ್ಚು 31,400. ಒಂದೇ ಬಾರಿ ಆಗುವ ಖರ್ಚನ್ನು ಬಿಟ್ಟರೂ ಪ್ರತಿ ವರ್ಷದ ಗೊಬ್ಬರ, ಬೀಜ, ಔಷಧಿಗೆ ಸುಮಾರು ಆರು ಸಾವಿರ ಬೇಕು. ದಿನಕ್ಕೆ ಒಂದೂಕಾಲು ಗಂಟೆಯ ನಮ್ಮ ದುಡಿಮೆಗೆ ಅಲ್ಲಿಗೆ ಸಂಬಳ ಸೊನ್ನೆ. ಬಿಳಿ ನೊಣ ತಂದ ಎಲೆ ಮುರುಟು ರೋಗಕ್ಕೆ ಎರಡನೆಯ ಸಲದ ಟೊಮೆಟೊ ಅರ್ಧಕ್ಕರ್ಧ ಹೋಯಿತು. ಬೆಂಡೆಯ ಮೇಲೆ ಹಿಟ್ಟು ತಿಗಣೆ ಕೂತಿತು. ಸೌತೆಯನ್ನು ಅಳಿಲು ರುಚಿ ನೋಡಿತು. ಜೇನು ಬಾರದ ದಿನ ಹೀರೆಯ ಹೆಣ್ಣು ಹೂವಿಗೆ ಗಂಡು ಹೂವನ್ನು ನಾನೇ ಮುಟ್ಟಿಸಿದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೆಸರಿನ ಖರ್ಚನ್ನು ಯಾರೂ ಹಿಡಿದಿಲ್ಲ.

ಹಾಗಾದರೆ ಲಾಭವೇ ಇಲ್ಲವೇ? ಇದೆ. ಅದು ನಾವು ಹುಡುಕಿದ ಕಡೆ ಸಿಗಲಿಲ್ಲ, ಅಷ್ಟೆ. ಸೊಪ್ಪಿನ ಲೆಕ್ಕವನ್ನೇ ನೋಡಿ. 250 ಚದರಡಿಯಲ್ಲಿ ಸೊಪ್ಪಿಗೆ ಕೊಟ್ಟದ್ದು ನಾಲ್ಕು ಮಡಿಗಳ 64 ಚದರಡಿ ಮಾತ್ರ. ಅದೇ ಒಟ್ಟು ತೂಕದ ಮೂರನೆಯ ಒಂದು ಪಾಲನ್ನು ಕೊಟ್ಟಿತು. ದಂಟು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ಮೆಂತ್ಯ ಅದಕ್ಕೂ ಮೊದಲು. ಪಾಲಕ್ ಕೊಯ್ದಷ್ಟೂ ಚಿಗುರುತ್ತದೆ. ಆಳವಾದ ಮಣ್ಣು ಬೇಡ, ರೋಗವೂ ಕಡಿಮೆ. ವೃಷಭಾವತಿಯಂಥ ಕೊಳಚೆ ನೀರಿನಲ್ಲಿ ಬೆಳೆದ ತರಕಾರಿಯಲ್ಲಿ ಭಾರಲೋಹಗಳ ಅಂಶ ಕಂಡುಬಂದ ವರದಿಗಳನ್ನು ಓದಿದವರಿಗೆ, ತನ್ನ ಕಣ್ಣೆದುರು ಬೆಳೆದ ಸೊಪ್ಪನ್ನು ಮಕ್ಕಳ ತಟ್ಟೆಗೆ ಬಡಿಸುವ ನೆಮ್ಮದಿ ಸಣ್ಣದಲ್ಲ.

ಎರಡನೆಯ ಲಾಭ ಕಸದ್ದು. ಬೆಂಗಳೂರಿನಲ್ಲಿ 2012ರ ಅಕ್ಟೋಬರ್‌ನಿಂದ ಕಸ ವಿಂಗಡಣೆ ಕಡ್ಡಾಯವಾಯಿತು. ನಮ್ಮೆಲ್ಲರ ಕಸವನ್ನು ಹೊತ್ತ ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿ 2014ರ ಕೊನೆಗೆ ಅಲ್ಲಿ ಸುರಿಯುವುದನ್ನು ನಿಲ್ಲಿಸಿದರು. ಆ ಹೋರಾಟವನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ, ಓದಿ ಮಡಚಿಟ್ಟಿದ್ದೆ. ತೋಟ ಬಂದ ಮೇಲೆ ನಮ್ಮ ಅಡುಗೆಮನೆಯ ಹಸಿ ಕಸ ಮನೆಯ ಗೇಟು ದಾಟಿಲ್ಲ. ಸಿಪ್ಪೆ, ಕಾಫಿ ಗಸಿ, ದೇವರ ಹೂವು ಎಲ್ಲವೂ ಮೂರು ಡಬ್ಬಿಗಳಲ್ಲಿ ಕೊಳೆತು ಗೊಬ್ಬರವಾಗುತ್ತವೆ. ನನ್ನ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಮೂರನೆಯದು ಅಮ್ಮ. ಅಪ್ಪ ಹೋದ ಮೇಲೆ ಬೆಂಗಳೂರಿಗೆ ಬಂದ ಅವರು ಟಿ.ವಿ. ಮುಂದಿನ ಕುರ್ಚಿಗೆ ಅಂಟಿಕೊಂಡಿದ್ದರು. ಬಸಳೆಯ ಬಳ್ಳಿ ನೆಟ್ಟ ದಿನದಿಂದ ಬೆಳಗ್ಗೆ ಕಂಬಿ ಹಿಡಿದು ಇಪ್ಪತ್ತೆರಡು ಮೆಟ್ಟಿಲು ಹತ್ತತೊಡಗಿದರು. ನನಗೆ ಗೊತ್ತಿಲ್ಲದ ಕೀಟವನ್ನು ಉಗುರಿನಲ್ಲೇ ಹಿಸುಕಿ, “ಇದಕ್ಕೆಲ್ಲ ಬಾಟಲಿ ಔಷಧ ಎಂತಕ್ಕೆ?” ಎಂದು ಗದರುತ್ತಿದ್ದರು. ಬಹಳ ವರ್ಷಗಳ ನಂತರ ಮನೆಯಲ್ಲಿ ಅವರಿಗೆ ಗೊತ್ತಿರುವ, ನಮಗೆ ಗೊತ್ತಿಲ್ಲದ ವಿಷಯವೊಂದು ಬಂದಿತ್ತು.

ಇನ್ನು ಭಾರದ ಕಡೆಗೆ. ಮೊದಲನೆಯದು ನೀರು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ನಮ್ಮ ಚೀಲಗಳಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು ನೂರು ಲೀಟರ್ ಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಬರುವ ಕಾವೇರಿಯನ್ನು ನಾನು ಬದನೆ ಗಿಡಕ್ಕೆ ಸುರಿಯುತ್ತಿದ್ದೆ. ಅದೇ ಹೊತ್ತಿಗೆ ಪಕ್ಕದ ಬಡಾವಣೆಯವರು ಟ್ಯಾಂಕರ್‌ಗೆ ಕಾಯುತ್ತಿದ್ದರು. ಅಂದಿನಿಂದ ಅಕ್ಕಿ, ತರಕಾರಿ ತೊಳೆದ ನೀರು, ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹೊತ್ತೆವು. ಅಮ್ಮ ಹೇಳಿದ ಬಚ್ಚಲ ನೀರು ಕೊನೆಗೂ ಹೀಗೆ ಮೇಲೇರಿತು. ಆದರೆ ಅದು ನಲವತ್ತೆಂಟು ಚೀಲಗಳಿಗೆ ಸಾಲದು. ಹದಿನೈದಕ್ಕೆ ಸಾಕು.

ಎರಡನೆಯದು ಅಕ್ಷರಶಃ ಭಾರ. 2024ರ ಜೂನ್ 2ರ ಭಾನುವಾರ ನಗರದಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ತೆಂಗಿನ ನಾರು, ಒಣಗಿದ ಎಲೆ ಸೇರಿ ತಾರಸಿಯ ನೀರು ಹೋಗುವ ಕಿಂಡಿ ಕಟ್ಟಿಕೊಂಡಿದೆಯೆಂದು ನಮಗೆ ಗೊತ್ತಿರಲಿಲ್ಲ. ರಾತ್ರಿ ಅಮ್ಮನ ಕೋಣೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಸೂರಿನ ಗಾರೆ ಒಂದು ಹಾಳೆಯಷ್ಟು ಅಗಲಕ್ಕೆ ಕಳಚಿ, ಅವರ ಮಂಚದಿಂದ ಎರಡಡಿ ಆಚೆ ಬಿದ್ದಿತ್ತು. ಅಮ್ಮ ಎದ್ದು ಕೂತಿದ್ದರು. ನಾನು ಆ ರಾತ್ರಿ ಕೊಡೆ ಹಿಡಿದು, ಮೊಣಕಾಲುದ್ದ ಒದ್ದೆಯಾಗಿ, ಕಿಂಡಿಗೆ ಕೈ ಹಾಕಿ ಕೆಸರು ತೆಗೆದೆ.

ಮರುವಾರ ಬಂದ ಕಟ್ಟಡ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ: “ಒಂದು ಮಡಿ ಎಷ್ಟು ತೂಗುತ್ತದೆ?” ಸೊಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿದ ನಾನು ಮಣ್ಣನ್ನು ತೂಗಿರಲಿಲ್ಲ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಐಎಸ್ 875 ಸಂಹಿತೆ ಹಿಡಿಯುವ ಹೆಚ್ಚುವರಿ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ, ಅಂದರೆ ಚದರಡಿಗೆ ಹದಿನಾಲ್ಕು. ನೆನೆದ ಕೆಮ್ಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಅರ್ಧ ಅಡಿ ಮಣ್ಣು ತುಂಬಿದ ನಾಲ್ಕಡಿ ಚೌಕದ ಮಡಿಯೆಂದರೆ ಮಳೆಯಲ್ಲಿ 380 ಕಿಲೋ ಆಸುಪಾಸು, ಚದರಡಿಗೆ ಇಪ್ಪತ್ತನಾಲ್ಕು. ನಾನು ಅಂಥ ನಾಲ್ಕನ್ನು ಕೋಣೆಯ ಸೂರಿನ ನಟ್ಟನಡುವೆ, ಬಿಸಿಲು ಚೆನ್ನಾಗಿದೆಯೆಂದು, ಜೋಡಿಸಿದ್ದೆ. ಮನೆ ಬೀಳಲಿಲ್ಲ. ಆದರೆ ಒಜ್ಜೆ, ತೇವ ಎರಡೂ ಸೇರಿದಾಗ ಹಳೆಯ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಗಾರೆಯನ್ನು ತಳ್ಳುತ್ತದೆ ಎಂದು ಅವರು ವಿವರಿಸಿದರು. ಸೋರಿಕೆ ತಡೆಯುವ ಲೇಪಕ್ಕೂ ಗಾರೆ ರಿಪೇರಿಗೂ ಆದ ಖರ್ಚು ಮೂರು ವರ್ಷದ ಫಸಲಿನ ಬೆಲೆಗೆ ಸಮ. ಅದೇ ವರ್ಷ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಚೀಲಗಳ ಕೆಳಗಿನ ತಟ್ಟೆಗಳಲ್ಲಿ ನಿಂತ ನೀರನ್ನೂ ನಾನು ಹೊಸ ಕಣ್ಣಿನಿಂದ ನೋಡಬೇಕಾಯಿತು.

ಆ ದಿನಗಳಲ್ಲೇ ನಮ್ಮ ರಸ್ತೆಗೆ ಬೆಳಗ್ಗೆ ತಳ್ಳುಗಾಡಿಯಲ್ಲಿ ಸೊಪ್ಪು ತರುವ ಹೆಂಗಸಿನೊಂದಿಗೆ ಮಾತಾಯಿತು. ಹೊಸಕೋಟೆಯ ಕಡೆಯವರು, ಅಣ್ಣನ ಹೊಲದ ಸೊಪ್ಪನ್ನು ಮಾರುತ್ತಾರೆ. ನನ್ನ ಕೊತ್ತಂಬರಿ ಯಾಕೆ ಗೇಣುದ್ದಕ್ಕೇ ಹೂ ಬಿಡುತ್ತದೆಂದು ಕೇಳಿದೆ. “ಬಿಸ್ಲು ಜಾಸ್ತಿ ಆದ್ರೆ ಹಂಗೇ ಸಾರ್, ಬೇಗ ಬಲೀತದೆ. ಬೇಸ್ಗೇಲಿ ಒಸಿ ನೆರಳು ಮಾಡಿ,” ಎಂದರು. ನಿಮ್ಮ ಹೊಲದಲ್ಲಿ ಹೇಗೆಂದು ಕೇಳಿದೆ. “ಮಳೆ ಬಂದ್ರೆ ಕೊಳೀತದೆ, ಬರ್ದಿದ್ರೆ ಬೋರು ಬತ್ತದೆ. ಒಂದೊಂದು ಸಲ ಕಿತ್ರೆ ಕೂಲಿ ಹುಟ್ಟಾಕಿಲ್ಲ, ಟ್ರ್ಯಾಕ್ಟರ್ ಬಿಟ್ಟು ಉತ್ತುಬಿಡ್ತಾನೆ ನಮ್ಮಣ್ಣ,” ಎಂದು ಹೇಳಿ ಕಟ್ಟು ಜೋಡಿಸುತ್ತ ಮುಂದೆ ಹೋದರು. ಎರಡು ವರ್ಷದ ಹಿಂದೆ ಇದೇ ಗಾಡಿಯ ಮುಂದೆ ನಿಂತು ಐದು ರೂಪಾಯಿಗೆ ಚೌಕಾಸಿ ಮಾಡಿದ್ದು ನೆನಪಾಯಿತು. ನನ್ನ ಒಂದು ಕಟ್ಟು ದಂಟಿಗೆ ಎಷ್ಟು ಬಿದ್ದಿದೆಯೆಂದು ನನಗೆ ಈಗ ಗೊತ್ತು. ನಷ್ಟವನ್ನು ಪಿಂಚಣಿಯಿಂದ ತುಂಬಿಕೊಳ್ಳುವವನು ನಾನು. ಅವರ ಅಣ್ಣನಿಗೆ ಪಿಂಚಣಿಯಿಲ್ಲ.

ಒಂದು ವರ್ಷದ ಕೂಡು–ಕಳೆಯ ನಂತರ ನನಗೆ ಕಂಡದ್ದು ಇಷ್ಟು. ತರಕಾರಿಯ ಖರ್ಚು ಉಳಿಸಲೆಂದು ತಾರಸಿ ತೋಟ ಮಾಡುವವರು ಮಾಡದಿರುವುದೇ ಒಳ್ಳೆಯದು. ‘ನಮ್ಮ ಊಟ ನಮ್ಮ ತಾರಸಿಯಿಂದಲೇ’ ಎಂಬ ಹೆಮ್ಮೆ ನೂರು ಚದರ ಮೀಟರಿಗಿಂತ ಕಡಿಮೆ ಸೂರಿರುವ ಮನೆಗೆ ಹೊಂದುವುದಿಲ್ಲ. ಹಾಗೆ ಹೊರಟರೆ ನೀರು, ಗೊಬ್ಬರ, ನಾರು ಎಲ್ಲವನ್ನೂ ಬೇರೆಲ್ಲಿಂದಲೋ ತಂದು ಸುರಿಯಬೇಕಾಗುತ್ತದೆ. ಟೊಮೆಟೊ, ಕೋಸು, ಗಡ್ಡೆಗಳನ್ನು ನೆಲವುಳ್ಳ ರೈತರಿಗೆ ಬಿಡಬೇಕು, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬೇಕು. ತಾರಸಿಗೆ ಒಪ್ಪುವುದು ಸೊಪ್ಪು, ಮೆಣಸಿನಕಾಯಿ, ಕರಿಬೇವು, ಒಂದು ಬಸಳೆ. ಅಳತೆಯನ್ನು ಜಾಗ ನೋಡಿ ನಿರ್ಧರಿಸುವುದಲ್ಲ. ಮನೆಯಲ್ಲಿ ಬಳಸಿ ಉಳಿದ ನೀರು ಎಷ್ಟು, ಅಡುಗೆಮನೆಯ ಕಸ ಕೊಡುವ ಗೊಬ್ಬರ ಎಷ್ಟು ಎಂದು ನೋಡಿ ನಿರ್ಧರಿಸಬೇಕು. ಮಣ್ಣಿಗೆ ಬದಲು ನಾರು–ಕಾಂಪೋಸ್ಟಿನ ಹಗುರ ಮಿಶ್ರಣ, ತೊಲೆ ಮತ್ತು ಗೋಡೆಯ ನೇರಕ್ಕೆ ಮಾತ್ರ ಮಡಿ, ನೆಲದಿಂದ ಒಂದು ಅಡಿ ಎತ್ತರದ ಸ್ಟ್ಯಾಂಡು, ಮಳೆಗಾಲಕ್ಕೆ ಮುನ್ನ ಕಿಂಡಿಯ ಸ್ವಚ್ಛತೆ, ಎಲ್ಲಕ್ಕಿಂತ ಮೊದಲು ಎಂಜಿನಿಯರ್ ಒಬ್ಬರ ಸಲಹೆ. ಸಸಿ ತರುವ ಉತ್ಸಾಹದಲ್ಲಿ ನಾವು ಇದನ್ನೇ ಮರೆಯುತ್ತೇವೆ.

ನಾವು ಎರಡು ಮಡಿ ಹಾಗೂ ಹದಿನೈದು ಚೀಲಗಳನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದೆವು. ಯಾವುದನ್ನು ತೆಗೆಯಬೇಕೆಂದು ಅಮ್ಮನನ್ನೇ ಕೇಳಿದೆ. ಅವರ ಮಂಚದ ಮೇಲೆ ತಾನೇ ಅದೆಲ್ಲ ನಿಂತಿದ್ದದ್ದು? ಅವರು ಟೊಮೆಟೊ ಚೀಲಗಳನ್ನು ಒಂದೊಂದಾಗಿ ತೋರಿಸಿದರು. ಬಸಳೆಯ ಬಳಿ ಬಂದಾಗ, “ಇದು ಇರಲಿ, ಇದಕ್ಕೆ ಅಕ್ಕಿ ತೊಳೆದ ನೀರು ಸಾಕು,” ಎಂದರು. ಅದನ್ನು ಈಗ ಗೋಡೆಯ ನೇರಕ್ಕೆ ಸರಿಸಿ, ಕಂಬಿಗೆ ಹಬ್ಬಿಸಿದ್ದೇವೆ. ಅವರ ಕೋಣೆಯ ಸೂರು ಒಣಗಿದೆ. ಈ ವಾರವೂ ಟೊಮೆಟೊವನ್ನು ತಳ್ಳುಗಾಡಿಯಿಂದಲೇ ಕೊಂಡೆ, ಹೇಳಿದ ಬೆಲೆಗೆ.